ಐಂದ್ರಜಾಲಿಕನ ಕಟಿವಸ್ತ್ರ

ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಗೆ ಸಮೀಪವಾಗಿ, ಗಂಗಾವತಿ ತಾಲ್ಲೂಕಿಗೆ ಸೇರಿದ ಸಾಣಾಪುರವೆಂಬ ಗ್ರಾಮವಿರುವುದು. ಬಂಡೆಗಳ ನಡುವಣ ಕೆರೆ, ಬತ್ತದ ಗದ್ದೆ, ಹರಿಗೋಲು, ಇವುಗಳಿಂದ ಪ್ರಸಿದ್ಧವಾದ ಈ ಊರಿಗೆ ಹಂಪೆಯನ್ನು ನೋಡಬಂದ ಪರದೇಶೀಯರು ಬಂದು ತಂಗುವ ವಾಡಿಕೆಯುಂಟು. 2020ರಲ್ಲಿ ಸರ್ವೋಚ್ಚನ್ಯಾಯಾಲಯದ ತೀರ್ಪಿನನಂತರ ವಿರೂಪಾಪುರಗಡ್ಡೆಯ ವಸತಿಗೃಹಗಳನ್ನು ತೆರವುಮಾಡಿದ ಮೇಲಂತೂ ಈ ವಾಡಿಕೆಯು ಹೆಚ್ಚಿತು. ನಾನಾದೇಶಗಳ ಉಡುಗೆತೊಡುಗೆಗಳು ಅಲ್ಲಿಯ ಹುಡುಗರಿಗೆ ಈಗ ಅಪರಿಚಿತವಲ್ಲ. ಆ ಪ್ರಾಂತದ ಸಾಹಿತ್ಯೋಪಾಧ್ಯಾಯರಾದ ಮಿತ್ರರೊಬ್ಬರು ನನಗೊಂದು ಪತ್ರವನ್ನು ಬರೆದು, "ಸ್ಕಾಟ್ಲೆಂಡಿನ ಜಾದೂಗಾರರಲ್ಲಿ ಕೆಲವರು ತಮ್ಮ ನಾಡಿನ ಕಿಲ್ಟ್ ಎಂಬ ನಿರಿಗೆಯ ಉಡುಗೆಯನ್ನುಟ್ಟೇ ರಂಗವನ್ನೇರುವರಂತೆ. ಹಾಗಾದರೆ ನಮ್ಮ ರತ್ನಾವಳಿಯ ಐಂದ್ರಜಾಲಿಕನು ಏನನ್ನು ಉಟ್ಟು ಬಂದನು? ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಲಿ?" ಎಂದು ಪ್ರಶ್ನಿಸಿದ್ದಾರೆ. ಪ್ರಶ್ನೆಯು ಮೇಲುನೋಟಕ್ಕೆ ಲಘುವಾಗಿ ತೋರಿದರೂ ವಿಚಾರಮಾಡತೊಡಗಿದಾಗ ಅದು ಅಷ್ಟು ಸುಲಭವಾದುದಲ್ಲವೆಂದು ಕಂಡುಬಂದಿತು.

ಈ ವಿಷಯದಲ್ಲಿ ನನಗೊಂದು ಹಳೆಯ ಋಣವೂ ಉಂಟು. ಸುಮಾರು ನಾಲ್ವತ್ತು ವರ್ಷಗಳ ಹಿಂದೆ ನಾನು ಓದುತ್ತಿದ್ದ ಸಂಸ್ಕೃತಪಾಠಶಾಲೆಯಲ್ಲಿ ರತ್ನಾವಳಿಯ ಚತುರ್ಥಾಂಕವನ್ನು ಅಭಿನಯಿಸಿದೆವು. ಐಂದ್ರಜಾಲಿಕನ ಪಾತ್ರಕ್ಕೆ ಯಾರೋ ವಕೀಲರ ಕರಿಯ ಕೋಟನ್ನು ಎರವಲು ತಂದು, ತಲೆಗೆ ರಟ್ಟಿನ ಎತ್ತರವಾದ ಟೋಪಿಯನ್ನು ಹಾಕಿ, ಕೈಗೊಂದು ಕರಿಯ ಕೋಲನ್ನು ಕೊಟ್ಟರು. ವತ್ಸರಾಜನ ಆಸ್ಥಾನಕ್ಕೆ ಉಜ್ಜಯಿನಿಯಿಂದ ಬಂದ ಪ್ರಾಕೃತಭಾಷಿಯಾದ ಪಾತ್ರವು ಈ ಅವತಾರದಲ್ಲಿ ಇಂದ್ರನಿಗೂ ಶಂಬರನಿಗೂ ವಂದನೆ ಸಲ್ಲಿಸಿದ್ದನ್ನು ಕಂಡು ನಕ್ಕವರು ಒಬ್ಬಿಬ್ಬರೇ. ಉಳಿದವರಿಗೆ ಜಾದೂಗಾರನೆಂದರೆ ಹಾಗೆಯೇ ಇರತಕ್ಕದ್ದೆಂಬ ಭಾವನೆಯಿದ್ದಿತು. ಆ ಕೋಟನ್ನು ತೊಟ್ಟ ಬಾಲಕನು ನಾನೇ ಆಗಿದ್ದುದರಿಂದ ಈ ಲೇಖನವನ್ನು ಒಂದು ಬಗೆಯ ಪ್ರಾಯಶ್ಚಿತ್ತವೆಂದು ವಾಚಕಮಹಾಶಯರು ಭಾವಿಸಬಹುದು.

ಮೊದಲು ಕಿಲ್ಟಿನ ವಿಚಾರವನ್ನು ತಿಳಿದುಕೊಳ್ಳೋಣ. ಇದು ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಉಡುಗೆ. ಮೊದಲಿನ ರೂಪದಲ್ಲಿ ಇದು ಹೊಲಿಗೆಯಿಲ್ಲದ ಉದ್ದವಾದ ಉಣ್ಣೆಯ ಬಟ್ಟೆ. ಅದನ್ನು ನೆಲದ ಮೇಲೆ ಹರಡಿ ನಿರಿಗೆಹಿಡಿದು, ಸೊಂಟಕ್ಕೆ ಪಟ್ಟಿಯಿಂದ ಬಿಗಿದು, ಮಿಕ್ಕುದನ್ನು ಹೆಗಲ ಮೇಲೆ ಹೊದೆಯುತ್ತಿದ್ದರು. ಸೊಂಟದಿಂದ ಮೊಣಕಾಲವರೆಗಿನ ಈಗಿನ ಚಿಕ್ಕ ರೂಪವು ಹದಿನೆಂಟನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಮುಂಭಾಗದಲ್ಲಿ ನಿರಿಗೆಯಿಲ್ಲದ ಎರಡು ಸಪಾಟಾದ ಪದರಗಳು ಒಂದರ ಮೇಲೊಂದು ಕವಿಯುತ್ತವೆ, ಹಿಂಭಾಗದಲ್ಲೆಲ್ಲ ನಿರಿಗೆ. ಪೂರ್ಣವಾದ ಒಂದು ಕಿಲ್ಟಿಗೆ 8 ಗಜದಷ್ಟು ಬಟ್ಟೆ ಬೇಕಾಗುವುದುಂಟು. ನಮ್ಮ ಹೆಂಗಸರ ಸೀರೆಯ ಅಳತೆಯ ಬಟ್ಟೆಯು ಒಬ್ಬ ಗಂಡಸಿನ ಮೊಣಕಾಲಿನ ಮೇಲೆಯೇ ಅಡಗಿಹೋಗುತ್ತದೆಂದ ಬಳಿಕ ನಿರಿಗೆಯ ಮಹಿಮೆಯನ್ನು ಹೇಳಬೇಕಾದುದಿಲ್ಲ. ಈ ಉಡುಗೆಗೆ ಜೇಬಿಲ್ಲ. ಆದಕಾರಣ ನಡುವಿನ ಮುಂದೆ ಸ್ಪೊರನ್ ಎಂಬ ಚರ್ಮದ ಚೀಲವೊಂದನ್ನು ಸರಪಳಿಯಿಂದ ತೂಗುಬಿಟ್ಟಿರುತ್ತಾರೆ.

1745ರ ದಂಗೆಯನ್ನು ಅಡಗಿಸಿದನಂತರ 1746ರಲ್ಲಿ ಇಂಗ್ಲಿಷರ ಸರಕಾರವು ಶಾಸನಮಾಡಿ ಈ ಉಡುಗೆಯನ್ನು ನಿಷೇಧಿಸಿತು. ಸೈನ್ಯದಲ್ಲಿ ಸೇರಿದವರಿಗೆ ಮಾತ್ರ ವಿನಾಯಿತಿಯಿದ್ದಿತು. 1782ರಲ್ಲಿ ನಿಷೇಧವು ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಬಂದಾಗ ಆ ಉತ್ಸವವನ್ನೆಲ್ಲ ಏರ್ಪಡಿಸಿದವನು ಕಾದಂಬರಿಕಾರನಾದ ಸರ್ ವಾಲ್ಟರ್ ಸ್ಕಾಟ್. ಯಾವ ಉಡುಗೆಯನ್ನು ಅರಸುಮನೆತನವು ದ್ರೋಹಿಗಳ ಲಕ್ಷಣವೆಂದು ಮುಟ್ಟುಗೋಲು ಹಾಕಿತ್ತೋ ಅದನ್ನೇ ಆ ಮನೆತನದ ಅರಸನು ಸ್ಕಾಟನ ಮಾತಿನಂತೆ ಉಟ್ಟು ಸಭೆಯಲ್ಲಿ ನಿಂತನು. ಸ್ಕಾಟನಿಗೆ ಜನರು ಕೊಟ್ಟಿದ್ದ ಬಿರುದು 'ಉತ್ತರದೇಶದ ಮಾಂತ್ರಿಕ' ಎಂಬುದು. ಅದೇ ಬಿರುದನ್ನು ಆಮೇಲೆ ಧರಿಸಿದವನು ನಿಜವಾದ ರಂಗಮಾಂತ್ರಿಕನಾದ ಜಾನ್ ಹೆನ್ರಿ ಆಂಡರ್ಸನ್ (1814–1874). ಈತನೂ ಸ್ಕಾಟ್ಲೆಂಡಿನವನೇ. 1849ರಲ್ಲಿ ಬಾಲ್ಮೋರಲ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ತನ್ನ ವಿದ್ಯೆಯನ್ನು ತೋರಿಸಿದನು. ಸ್ಕಾಟನ ಕಾದಂಬರಿಯಿಂದ ಹುಟ್ಟಿದ ರಾಬ್ ರಾಯ್ ನಾಟಕದಲ್ಲಿ ಗುಡ್ಡಗಾಡಿನ ವೀರನ ಪಾತ್ರವನ್ನೂ ತಾನೇ ಅಭಿನಯಿಸುತ್ತಿದ್ದನು. ಕವಿಯ ಬಿರುದು ಗಾರುಡಿಗನಿಗೆ, ವೀರನ ಉಡುಗೆ ನಟನಿಗೆ, ದಂಗೆಕೋರನ ಉಡುಗೆ ದೊರೆಗೆ! ಒಂದೇ ವಸ್ತ್ರವು ಇಷ್ಟು ಕೈಗಳನ್ನು ದಾಟಿದ ಉದಾಹರಣೆ ಅಪರೂಪವೆನ್ನಬೇಕು. ಇಂದು ಜಾದೂಗಾರನೊಬ್ಬನು ಕಿಲ್ಟನ್ನುಟ್ಟು ರಂಗಕ್ಕೆ ಬಂದನೆಂದರೆ ಈ ಪರಂಪರೆಯೆಲ್ಲವೂ ಅವನ ಹಿಂದೆ ಇರುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಈ ವಿದ್ಯೆಗೆ ಇರುವ ಹೆಸರುಗಳನ್ನು ನೋಡಿದರೆ ಅವು ಒಂದೊಂದು ಅಂಗವನ್ನು ಹಿಡಿದು ಹುಟ್ಟಿದುವಾಗಿ ತೋರುತ್ತವೆ. ಕಣ್ಕಟ್ಟು ಎಂಬುದು ನೋಡುವವನ ಕಣ್ಣನ್ನು ಹಿಡಿದು, ಕೈಚಳಕವೆಂಬುದು ಮಾಡುವವನ ಕೈಯನ್ನು ಹಿಡಿದು ಬಂದ ಮಾತುಗಳು. ಗಾರುಡಿಯೆಂಬುದು ಸರ್ಪವಿಷವನ್ನು ಇಳಿಸುವ ಗಾರುಡಮಂತ್ರದಿಂದ, ಯಕ್ಷಿಣಿಯೆಂಬುದು ವಶಪಡಿಸಿಕೊಂಡ ದೇವತೆಯಿಂದ ಬಂದುವು. ಇಂದ್ರಜಾಲವಾದರೋ ಅಥರ್ವವೇದದಷ್ಟು ಹಳೆಯದು. ಅಲ್ಲಿ ಅದು ಶತ್ರುಸೈನ್ಯವನ್ನು ಸಿಕ್ಕಿಸುವ ಇಂದ್ರನ ಬಲೆ. ಕಣ್ಣು, ಕೈ, ಮಂತ್ರ, ದೇವತೆ, ಬಲೆ ಎಲ್ಲವೂ ಹೆಸರಿನೊಳಗೆ ಬಂದುವು. ಬಟ್ಟೆಯು ಮಾತ್ರ ಬರಲಿಲ್ಲ. ಇದರಿಂದಲೇ ಬಟ್ಟೆಗೂ ಈ ವಿದ್ಯೆಗೂ ಸಂಬಂಧವು ಹೊರಗಣದೆಂದು, ಅಲಂಕಾರಮಾತ್ರವೆಂದು, ನಮ್ಮ ವ್ಯಾಖ್ಯಾನಕಾರರೂ ಅಧ್ಯಾಪಕರೂ ಭಾವಿಸುತ್ತ ಬಂದಿದ್ದಾರೆ. ಈ ಭಾವನೆಯು ಸರಿಯಲ್ಲವೆಂಬುದೇ ಪ್ರಕೃತ ನನ್ನ ಪಕ್ಷ.

ಇದಕ್ಕೆ ಮುಖ್ಯವಾದ ಆಧಾರವು ವಾತ್ಸ್ಯಾಯನನ ಕಾಮಸೂತ್ರದಲ್ಲಿಯ ಚತುಷ್ಷಷ್ಟಿಕಲೆಗಳ ಪಟ್ಟಿ. ಅದರಲ್ಲಿ ಐಂದ್ರಜಾಲ, ಕೌಚುಮಾರಯೋಗ, ಹಸ್ತಲಾಘವ ಎಂಬುವು ಒಂದೇ ಸಾಲಿನಲ್ಲಿ ಬಂದಿರುವುದು ಎಲ್ಲರಿಗೂ ವಿದಿತವೇ. ಆದರೆ ಪಟ್ಟಿಯ ಕೊನೆಯ ಭಾಗದಲ್ಲಿ ಛಲಿತಕಯೋಗಗಳನ್ನು ಹೇಳಿದೊಡನೆ 'ವಸ್ತ್ರಗೋಪನ'ವೆಂಬ ಕಲೆಯನ್ನು ಹೇಳಿ, ಅದಾದಮೇಲೆ ದ್ಯೂತವನ್ನು ಹೇಳಿರುವುದನ್ನು ಗಮನಿಸಿದವರು ಕಡಮೆ. ಛಲಿತಕಯೋಗಗಳು ಇತರರನ್ನು ಮರುಳುಗೊಳಿಸುವುದಕ್ಕಾಗಿ ಇರತಕ್ಕವು ಎಂದು ಜಯಮಂಗಲಾ ವ್ಯಾಖ್ಯಾನಕಾರನಾದ ಯಶೋಧರನು ಹೇಳುತ್ತಾನೆ. ದ್ಯೂತದ ಸ್ವಭಾವವು ಪಾಂಡವರ ಕಾಲದಿಂದಲೂ ತಿಳಿದುದೇ. ಮೋಸದ ಎರಡು ಕಲೆಗಳ ನಡುವೆ ಕುಳಿತಿರುವ ವಸ್ತ್ರಗೋಪನವನ್ನು ಕೆಲವರು ಬಟ್ಟೆಗಳನ್ನು ಜೋಪಾನವಾಗಿಡುವುದೆಂದು, ಎಂದರೆ ಅಗಸನ ಅಥವಾ ಉಗ್ರಾಣಿಯ ಕೆಲಸವೆಂದು, ಅರ್ಥಮಾಡಿರುವುದು ಪ್ರಕರಣಕ್ಕೆ ಹೊಂದುವುದಿಲ್ಲ. ಯಶೋಧರನು ಕೊಟ್ಟಿರುವ ವಿವರಣೆಯೇ ಬೇರೆ. ಕಾಣಬಾರದ ಎಡೆಯನ್ನು ಬಟ್ಟೆಯಿಂದ ಮರೆಮಾಡುವುದು, ಹರಿದುದನ್ನು ಹರಿಯದಂತೆ ಕಾಣುವ ಹಾಗೆ ಉಡುವುದು, ದೊಡ್ಡ ವಸ್ತ್ರವನ್ನು ಮಡಿಸಿ ಅಡಕಮಾಡಿ ಚಿಕ್ಕದಾಗಿ ತೋರಿಸುವುದು, ಇಷ್ಟನ್ನು ಅವನು ಈ ಕಲೆಯೊಳಗೆ ಸೇರಿಸುತ್ತಾನೆ.

ಈ ಮೂರರಲ್ಲಿ ಕೊನೆಯದನ್ನು ಓದಿದಾಗ ನನಗೆ ಕಿಲ್ಟಿನ ನೆನಪಾಗದಿರಲಿಲ್ಲ. 8 ಗಜದ ಬಟ್ಟೆಯು ಮೊಳದುದ್ದದ ಉಡುಗೆಯಾಗಿ ಕಾಣಬೇಕಾದರೆ ಅದು ದೊಡ್ಡ ವಸ್ತ್ರವನ್ನು ಚಿಕ್ಕದಾಗಿಸುವ ಕಲೆಯಲ್ಲದೆ ಮತ್ತೇನು? ಸ್ಕಾಟ್ಲೆಂಡಿನವರು ಯಶೋಧರನನ್ನು ಓದಿದರೆಂದಾಗಲಿ ನಮ್ಮವರಿಂದ ಕಲಿತರೆಂದಾಗಲಿ ನಾನು ಹೇಳುತ್ತಿಲ್ಲ. ಅಂಥ ವಾದಗಳಿಂದ ನಮ್ಮ ಪತ್ರಿಕೆಗಳ ಪುಟಗಳು ಸಾಕಷ್ಟು ತುಂಬಿವೆ. ನಿರಿಗೆಯ ಸ್ವಭಾವವೇ ಹಾಗೆ. ಅದು ತೋರಿಸುವುದಕ್ಕಿಂತ ಹೆಚ್ಚನ್ನು ತನ್ನೊಳಗೆ ಇರಿಸಿಕೊಂಡಿರುತ್ತದೆ. ನಡುಗಾಲದ ಯುರೋಪಿನಲ್ಲಿ ಬಟ್ಟಲು ಗುಂಡುಗಳ ಆಟವಾಡುತ್ತಿದ್ದ ಬೀದಿಯ ಜಾದೂಗಾರರು ನಡುವಿನ ಮುಂದೆ ಒಂದು ಚೀಲವನ್ನು ಕಟ್ಟಿಕೊಳ್ಳುತ್ತಿದ್ದರು. ಫ್ರಾನ್ಸಿನಲ್ಲಿ ಅವರ ಕಸಬಿಗೆ ಆ ಚೀಲದಿಂದಲೇ ಹೆಸರು ಬಂದಿದ್ದಿತು. ಕಿಲ್ಟಿನ ಸ್ಪೊರನ್ ಚೀಲವು ಇರುವುದೂ ಸರಿಯಾಗಿ ಅದೇ ಸ್ಥಾನದಲ್ಲಿ. ನಮ್ಮ ಗಾರುಡಿಗರ ಜೋಳಿಗೆಯು ಹೆಗಲಿನಿಂದ ಇಳಿಬಿದ್ದು ನಡುವಿನ ಪಕ್ಕಕ್ಕೆ ಬರುತ್ತದೆ. ಕೈಯು ಎಲ್ಲಿಗೆ ಸಹಜವಾಗಿ ಇಳಿಯುವುದೋ ಅಲ್ಲಿ ಚೀಲವಿರಬೇಕೆಂಬುದು ಎಲ್ಲ ದೇಶಗಳ ಐಂದ್ರಜಾಲಿಕರಿಗೂ ತಿಳಿದಿದ್ದ ಮರ್ಮ.

ಈ ದೃಷ್ಟಿಯನ್ನಿಟ್ಟುಕೊಂಡು ಸಂಸ್ಕೃತಗ್ರಂಥಗಳಲ್ಲಿಯ ಐಂದ್ರಜಾಲಿಕರನ್ನು ನೋಡಿದರೆ ಮೂವರು ಮುಖ್ಯವಾಗಿ ಎದುರಾಗುತ್ತಾರೆ. ಮೊದಲನೆಯವನು ದಶಕುಮಾರಚರಿತೆಯ ಪೂರ್ವಪೀಠಿಕೆಯ ವಿದ್ಯೇಶ್ವರ. (ಪೂರ್ವಪೀಠಿಕೆಯು ದಂಡಿಯದಲ್ಲವೆಂದು ಹಲವು ವಿದ್ವಾಂಸರ ಮತ. ಈಗಿನ ವಿಚಾರಕ್ಕೆ ಅದರಿಂದ ಬಾಧಕವಿಲ್ಲ.) ಇವನು ಬ್ರಾಹ್ಮಣ. ಕಿವಿಯಲ್ಲಿ ಹೊಳೆಯುವ ಮಣಿಕುಂಡಲ, ಸಂಗಡ ತಲೆಬೋಳಿಸಿದ ಸಹಾಯಕ, ಒಟ್ಟಿನಲ್ಲಿ ಚತುರವಾದ ವೇಷ. ಇವನ ಬಟ್ಟೆಗೆ ಕವಿಯು ಕೊಟ್ಟ ವಿಶೇಷಣಗಳು ಎರಡು: ಸೂಕ್ಷ್ಮ ಮತ್ತು ಚಿತ್ರ. ಸೂಕ್ಷ್ಮವೆಂದರೆ ನವುರಾದ ನೂಲಿನದು, ಚಿತ್ರವೆಂದರೆ ಹಲವು ಬಣ್ಣದ್ದು. ಇದನ್ನು ಐಶ್ವರ್ಯದ ಸೂಚನೆಯೆಂದು ಹೇಳಿ ಮುಂದೆ ಸಾಗುವುದು ಪಾಠಶಾಲೆಗಳ ವಾಡಿಕೆ. ನನಗಾದರೋ ಕವಿಗೆ ಕಸಬಿನ ಪರಿಚಯವು ಚೆನ್ನಾಗಿದ್ದಿತೆಂದು ತೋರುತ್ತದೆ. ನವುರಾದ ಬಟ್ಟೆಯಲ್ಲಿ ಏನನ್ನೂ ಅಡಗಿಸಲಾಗದೆಂದು ನೋಡುವವರು ನಂಬುತ್ತಾರೆ. ಹಲವು ಬಣ್ಣಗಳಾದರೋ ನೋಟವನ್ನು ಒಂದೆಡೆಯಲ್ಲಿ ನಿಲ್ಲಗೊಡುವುದಿಲ್ಲ. ನಂಬಿಕೆಯನ್ನು ಹುಟ್ಟಿಸುವುದೂ ನೋಟವನ್ನು ಚದುರಿಸುವುದೂ ಒಂದೇ ವಸ್ತ್ರದಿಂದ ನಡೆಯುತ್ತದೆ.

ಈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ವಿದ್ಯೇಶ್ವರನು ಮಾಳವೇಶ್ವರನ ಸಭೆಯಲ್ಲಿ ಮೊದಲು ಹಾವುಗಳನ್ನೂ ಅವುಗಳನ್ನು ಹಿಡಿಯುವ ಹದ್ದುಗಳನ್ನೂ, ಆಮೇಲೆ ಹಿರಣ್ಯಕಶಿಪುವಿನ ವಧೆಯನ್ನೂ ತೋರಿಸಿ, ಕೊನೆಗೆ ಮಂಗಳವಾಗಲೆಂದು ಒಂದು ವಿವಾಹವನ್ನು ತೋರಿಸುವೆನೆನ್ನುತ್ತಾನೆ. ರಾಜವಾಹನನೂ ಅವಂತಿಸುಂದರಿಯೂ ಅಲಂಕೃತರಾಗಿ ಬಂದು ಎಲ್ಲರ ಎದುರಿನಲ್ಲಿ ಅಗ್ನಿಸಾಕ್ಷಿಯಾಗಿ ಮದುವೆಯಾಗುತ್ತಾರೆ. ಸಭೆಯು ಅದನ್ನು ಮಾಯೆಯೆಂದೇ ತಿಳಿಯುತ್ತದೆ. ಬಳಿಕ 'ಇಂದ್ರಜಾಲಪುರುಷರೆಲ್ಲ ಹೊರಡಿ' ಎಂಬ ಅಪ್ಪಣೆಯಾಗಲು ನಿಜವಾದ ವಧೂವರರೂ ಆ ಗುಂಪಿನೊಡನೆ ಕಾಣದಂತಾಗಿ ಅಂತಃಪುರವನ್ನು ಸೇರುತ್ತಾರೆ. ಇಲ್ಲಿ ಸುಳ್ಳನ್ನು ನಿಜವೆಂದು ತೋರಿಸಿದುದಲ್ಲ, ನಿಜವನ್ನೇ ಸುಳ್ಳೆಂದು ತೋರಿಸಿದುದು. ಇದು ಸಾಧ್ಯವಾದುದು ವೇಷದಿಂದ. ಐಂದ್ರಜಾಲಿಕನ ಪರಿವಾರವೆಂದು ಗುರುತಾದ ಬಳಿಕ ಅರಸುಮಗನನ್ನೂ ಯಾರೂ ಅರಸುಮಗನೆಂದು ನೋಡಲಿಲ್ಲ.

ಎರಡನೆಯವನು ಶಂಕರಭಗವತ್ಪಾದರ ಬ್ರಹ್ಮಸೂತ್ರಭಾಷ್ಯದಲ್ಲಿ ದೃಷ್ಟಾಂತವಾಗಿ ಬರುವ ಮಾಯಾವಿ. ಪ್ರಥಮಾಧ್ಯಾಯದ ಪ್ರಥಮಪಾದದ ಹದಿನೇಳನೆಯ ಸೂತ್ರದ ಭಾಷ್ಯದಲ್ಲಿ, ದಾರವನ್ನು ಹಿಡಿದು ಆಕಾಶಕ್ಕೇರುವ ಮಾಯಾವಿಗಿಂತ ನೆಲದ ಮೇಲೆ ನಿಂತಿರುವ ನಿಜವಾದ ಮಾಯಾವಿಯು ಬೇರೆ ಎಂದು ಹೇಳಿದೆ. ಏರುವವನ ಕೈಯಲ್ಲಿ ಗುರಾಣಿಯೂ ಕತ್ತಿಯೂ ಇವೆ. ಮಾಂಡೂಕ್ಯಕಾರಿಕೆಗಳ ಭಾಷ್ಯದಲ್ಲಿ ಇದೇ ದೃಷ್ಟಾಂತವು ಬೆಳೆದು, ಆಯುಧಸಹಿತನಾಗಿ ಏರಿದವನು ಕಣ್ಮರೆಯಾಗಿ, ಯುದ್ಧದಲ್ಲಿ ತುಂಡುತುಂಡಾಗಿ ಬಿದ್ದು ಮತ್ತೆ ಎದ್ದುನಿಲ್ಲುವನು. 1890ರಲ್ಲಿ ಅಮೆರಿಕದ ಶಿಕಾಗೋ ಪತ್ರಿಕೆಯೊಂದು ಕಟ್ಟುಕಥೆಯೊಂದನ್ನು ಅಚ್ಚುಮಾಡಿದ ಮೇಲೆ ಜಗತ್ತಿನಲ್ಲೆಲ್ಲ ಹರಡಿದ 'ಭಾರತದ ಹಗ್ಗದ ಆಟ'ದ ಗದ್ದಲದಲ್ಲಿ, ಭಾಷ್ಯದ ಮಾಯಾವಿಗೆ ಹಗ್ಗವಿರಲಿಲ್ಲ, ದಾರವಿದ್ದಿತು, ಮೈಮೇಲೆ ಯೋಧನ ಸಾಮಗ್ರಿಯಿದ್ದಿತು ಎಂಬುದನ್ನು ಮರೆತುಬಿಟ್ಟರು. ಯೋಧನ ವೇಷವೇಕೆ? ಯುದ್ಧದಲ್ಲಿ ಬೀಳುವ ಆಟಕ್ಕೆ ಅದು ಒಪ್ಪುತ್ತದೆಯೆಂಬುದು ಒಂದು. ಗುರಾಣಿಯಷ್ಟು ಒಳ್ಳೆಯ ಮರೆಯು ಮತ್ತೊಂದಿಲ್ಲವೆಂಬುದು ಇನ್ನೊಂದು. ನೆಲದಲ್ಲಿ ನಿಂತ ನಿಜವಾದ ಮಾಯಾವಿಯನ್ನು ಕುರಿತು ಕಾರಿಕಾಭಾಷ್ಯವು 'ಮಾಯಾಚ್ಛನ್ನ'ನೆಂದು ಹೇಳುತ್ತದೆ. ಛನ್ನವೆಂದರೆ ಮುಚ್ಚಲ್ಪಟ್ಟದ್ದು. ವಸ್ತ್ರಕ್ಕೆ ಆಚ್ಛಾದನವೆಂಬ ಹೆಸರು ಬಂದುದೂ ಅದೇ ಧಾತುವಿನಿಂದ. ವೇದಾಂತದಲ್ಲಿ ಮಾಯೆಯು ಬ್ರಹ್ಮಕ್ಕೆ ಉಡಿಸಿದ ಬಟ್ಟೆಯೆಂದು ನಮ್ಮ ಗುರುಗಳು ವಿನೋದವಾಗಿ ಹೇಳುತ್ತಿದ್ದುದು ಬರಿಯ ವಿನೋದವಲ್ಲವೆಂದು ಈಗ ತೋರುತ್ತದೆ.

ಮೂರನೆಯವನು ಶ್ರೀಹರ್ಷನ ರತ್ನಾವಳಿಯವನು. ಇವನ ಕೈಯಲ್ಲಿರುವುದು ನವಿಲುಗರಿಯ ಪಿಂಛಿಕೆ. ಅದನ್ನು ಬೀಸಿ ಆಕಾಶದಲ್ಲಿ ಬ್ರಹ್ಮಾದಿ ದೇವತೆಗಳನ್ನು ತೋರಿಸಿ, ಹೊರಟುಹೋಗುವ ಮುನ್ನ ಇನ್ನೊಂದನ್ನು ನೋಡಲೇಬೇಕೆಂದು ಹೇಳಿ, ಅಂತಃಪುರಕ್ಕೆ ಬೆಂಕಿಬಿದ್ದಂತೆ ತೋರಿಸುತ್ತಾನೆ. ಇವನ ಬಟ್ಟೆಯನ್ನು ನಾಟಕದಲ್ಲಿ ಹೇಳಿಲ್ಲ. ಹೇಳಬೇಕಾದುದೂ ಇರಲಿಲ್ಲ. ಶುದ್ಧ, ವಿಚಿತ್ರ, ಮಲಿನವೆಂದು ವೇಷವನ್ನು ಮೂರು ವಿಧವಾಗಿ ಭರತನ ಆಹಾರ್ಯಾಧ್ಯಾಯವು ವಿಭಾಗಿಸಿರುವುದರಿಂದ ನಟರಿಗೆ ಅದು ತಿಳಿದಿದ್ದಿತು. ಇಲ್ಲಿ ಉಜ್ಜಯಿನಿಯೆಂಬ ಊರಿನ ಹೆಸರೇ ಒಂದು ವೇಷ. ಅದು ವಾಸವದತ್ತೆಯ ತವರು. ತನ್ನ ತವರಿನಿಂದ ಬಂದವನೆಂದು ಕೇಳಿದೊಡನೆಯೇ ಅವಳಿಗೆ ಅವನಲ್ಲಿ ಪಕ್ಷಪಾತವುಂಟಾಗುತ್ತದೆ. ಯೌಗಂಧರಾಯಣನ ತಂತ್ರವು ಗೆಲ್ಲುವುದು ಈ ಪಕ್ಷಪಾತದ ಮೂಲಕ.

ಇಷ್ಟರಿಂದ ಒಂದು ವಿಷಯವು ಹೊರಪಡುತ್ತದೆ. ಐಂದ್ರಜಾಲಿಕನು ಯಾವಾಗಲೂ ಇನ್ನೊಬ್ಬರ ಉಡುಗೆಯಲ್ಲಿ ಬರುತ್ತಾನೆ: ಸಿರಿವಂತನದೋ, ಯೋಧನದೋ, ದೂರದೇಶದವನದೋ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರಾಬರ್ಟ್ ಹೂಡ್ಯಾನನು ಹಿಂದಿನವರ ಮಾಂತ್ರಿಕನಿಲುವಂಗಿಯನ್ನು ಬಿಟ್ಟು, ದೊಡ್ಡಮನುಷ್ಯರು ಸಂಜೆಯ ಔತಣಕ್ಕೆ ತೊಡುತ್ತಿದ್ದ ಕರಿಯ ಕೋಟಿನಲ್ಲಿ ರಂಗಕ್ಕೆ ಬಂದುದೂ ಇದೇ ನೀತಿಯಿಂದ. ಆ ಕೋಟಿನ ಹಿಂದಣ ಬಾಲಗಳಲ್ಲಿ ಗುಪ್ತವಾದ ಜೇಬುಗಳಿರುತ್ತಿದ್ದುವು. ನಾನು ಬಾಲ್ಯದಲ್ಲಿ ತೊಟ್ಟ ಕೋಟು ಅದರ ಬಡ ಸಂತಾನ. ವಿಲಿಯಂ ರಾಬಿನ್ಸನ್ ಎಂಬ ಅಮೆರಿಕದವನು ಚುಂಗ್ ಲಿಂಗ್ ಸೂ ಎಂಬ ಹೆಸರಿನಿಂದ ಚೀನೀಯ ಉಡುಪನ್ನು ತೊಟ್ಟು, 1918ರಲ್ಲಿ ಲಂಡನ್ನಿನ ರಂಗದ ಮೇಲೆ ಗುಂಡುತಗುಲಿ ಸಾಯುವವರೆಗೂ ಚೀನೀಯನಂತೆಯೇ ಅಭಿನಯಿಸಿದನು. ವಂಗದೇಶದ ಪಿ. ಸಿ. ಸರ್ಕಾರರು (1913–1971) ಮಹಾರಾಜನ ಉಡುಪನ್ನೂ ತುರಾಯಿಯ ಪೇಟವನ್ನೂ ಧರಿಸಿ ದೇಶವಿದೇಶಗಳಲ್ಲಿ ಸಂಚರಿಸಿದರು. ನಮ್ಮ ದೇಶದಲ್ಲಿ ಮಹಾರಾಜರ ಅಧಿಕಾರವು ಮುಗಿದ ಮೇಲೂ ರಂಗದ ಮೇಲೆ ಒಬ್ಬ ಮಹಾರಾಜರು ಉಳಿದಿದ್ದರೆನ್ನಬಹುದು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ನಮ್ಮ ಬೀದಿಯ ಗಾರುಡಿಗರು ಬರಿಮೈಯಲ್ಲಿ, ಸೊಂಟಕ್ಕೊಂದು ತುಂಡುಬಟ್ಟೆಯನ್ನು ಸುತ್ತಿ, ಬಟ್ಟಬಯಲಿನಲ್ಲಿ ಕುಳಿತು ಆಡುತ್ತಿದ್ದರಷ್ಟೆ, ಅವರಿಗೆ ವೇಷವೆಲ್ಲಿ ಎಂಬುದೇ ಅದು. ತೋಳಿಲ್ಲದ ಮೈಯೇ ಅವರ ಪಂಥವಾಗಿದ್ದಿತೆಂಬುದು ನಿಜ. ಆದರೆ ತೋಳು ಬರಿದಾದಷ್ಟೂ ಕಟಿವಸ್ತ್ರಕ್ಕೆ ಕೆಲಸ ಹೆಚ್ಚುತ್ತದೆಯೆಂಬುದನ್ನು ಮರೆಯಬಾರದು. ಕುಳಿತವನ ಮಡಿಲು, ಕಚ್ಚೆಯ ಮಡಿಕೆ, ಸೊಂಟದ ಸುತ್ತು ಇವು ಯಾವ ಕೋಟಿನ ಜೇಬಿಗೂ ಕಡಮೆಯಾದುವಲ್ಲ. ಪರದೇಶಕ್ಕೆ ಹೋದಾಗ ನಮ್ಮವರ ಉಡುಗೆಯೂ ಬೇರೆಯಾಯಿತು. 1821ರ ಹೊತ್ತಿಗೆ ಪ್ರಬಂಧಕಾರನಾದ ಹ್ಯಾಜ್ಲಿಟ್ಟನು ಲಂಡನ್ನಿನಲ್ಲಿ ಕಂಡ ಭಾರತದ ಜಾದೂಗಾರರನ್ನು ಕುರಿತು ಬರೆದ ಪ್ರಸಿದ್ಧವಾದ ಪ್ರಬಂಧದ ಮೊದಲನೆಯ ವಾಕ್ಯದಲ್ಲಿಯೇ ಹಿತ್ತಾಳೆಯ ಗುಂಡುಗಳಿಗಿಂತ ಮುಂಚೆ ಬಿಳಿಯ ಉಡುಪೂ ಬಿಗಿದ ಮುಂಡಾಸೂ ಬರುತ್ತವೆ. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವರಿಗೆ ಆ ಪ್ರಬಂಧವು ಪರಿಚಿತವೇ. ಅವರು ಅದರ ಮುಂದಿನ ತತ್ತ್ವವಿಚಾರವನ್ನು ವಿವರಿಸುವಷ್ಟು ಈ ಉಡುಪನ್ನು ವಿವರಿಸುವುದಿಲ್ಲ.

ಈಗ ಪುನಃ ಸಾಣಾಪುರದ ನೆರೆಹೊರೆಗೆ ಬರಬೇಕು. ಹೊಳೆಯ ಆಚೆಯ ದಂಡೆಯಲ್ಲಿರುವ ವಿಜಯನಗರದ ಮಹಾನವಮಿದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ನರ್ತಕಿಯರು, ಜಟ್ಟ್ರಿಗಳು, ಬೇಟೆಗಾರರು, ಚೂಪಾದ ಟೋಪಿಯ ಪರದೇಶೀಯರು ಸಾಲುಸಾಲಾಗಿ ನಿಂತಿರುವುದನ್ನು ಎಲ್ಲರೂ ನೋಡಿರುವರು. 1443ರಲ್ಲಿ ಬಂದ ಅಬ್ದುರ್ ರಜಾಕನು ಅಲ್ಲಿಯ ಉತ್ಸವದ ವಿನೋದಗಳನ್ನು, ಅದರಲ್ಲಿಯೂ ಪಳಗಿಸಿದ ಆನೆಯ ಆಟವನ್ನು, ಬೆರಗಿನಿಂದ ವರ್ಣಿಸಿದ್ದಾನೆ. ಆ ನಗರವೇ ಉಡುಗೆಯ ಒಂದು ದೊಡ್ಡ ರಂಗವಾಗಿದ್ದಿತು. ಅರಬೀ ಮೂಲದ ಕಬಾಯಿಯೆಂಬ ನಿಲುವಂಗಿಯೂ ಕುಳ್ಳಾಯಿಯೆಂಬ ಎತ್ತರದ ಟೋಪಿಯೂ ಅಲ್ಲಿಯ ಆಸ್ಥಾನದ ಮರ್ಯಾದೆಯ ಉಡುಪಾಗಿದ್ದುವು. ತಿರುಪತಿಯಲ್ಲಿರುವ ಕೃಷ್ಣದೇವರಾಯನ ಕಂಚಿನ ಪ್ರತಿಮೆಯು ಕುಳ್ಳಾಯಿಯನ್ನು ಧರಿಸಿಯೇ ಕೈಮುಗಿದು ನಿಂತಿದೆ. ಪೋರ್ತುಗೀಜನಾದ ಪಾಯಸನು ಆ ರಾಯನ ಟೋಪಿಯನ್ನು ಕಂಡು ತನ್ನ ನಾಡಿನ ನೆರೆಯ ಗಲೀಸಿಯಾದ ಶಿರಸ್ತ್ರಾಣಕ್ಕೆ ಹೋಲಿಸಿದನು. ತೆಲುಗಿನ ಕವಿಸಾರ್ವಭೌಮನಾದ ಶ್ರೀನಾಥನು ಪ್ರೌಢದೇವರಾಯನ ದರ್ಶನಕ್ಕೆ ಕಾದಾಗ, ಕುಳ್ಳಾಯಿಯನ್ನಿಟ್ಟು ದೊಡ್ಡ ಕೂರ್ಪಾಸವನ್ನು ತೊಟ್ಟು ತಾನು ಪಟ್ಟ ಪಾಡನ್ನು ಕರ್ಣಾಟರಾಜ್ಯಲಕ್ಷ್ಮಿಗೆ ಮೊರೆಯಿಟ್ಟನೆಂದು ಒಂದು ಚಾಟುಪದ್ಯವು ಪ್ರಸಿದ್ಧವಾಗಿದೆ. ಮಹಾಕವಿಯೂ ಇನ್ನೊಬ್ಬರ ಉಡುಗೆಯನ್ನು ತೊಡದೆ ಆ ರಂಗವನ್ನು ಪ್ರವೇಶಿಸುವಂತಿರಲಿಲ್ಲ!

ಆ ಸಾಮ್ರಾಜ್ಯದಲ್ಲಿ ಐಂದ್ರಜಾಲಿಕರದೊಂದು ವರ್ಗವೇ ಇದ್ದಿತು. ಅವರಿಗೆ ವಿಪ್ರವಿನೋದಿಗಳೆಂದು ಹೆಸರು. ಹದಿನಾರನೆಯ ಶತಮಾನದ ಶಾಸನಗಳಲ್ಲಿ, ವಿಶೇಷವಾಗಿ ಸದಾಶಿವರಾಯನ ಕಾಲದ ತೆಲುಗು ಶಾಸನಗಳಲ್ಲಿ, ಇವರು ತಮಗೆ ಊರೂರುಗಳಿಂದ ಸಲ್ಲುತ್ತಿದ್ದ ವರ್ತನೆಯನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟ ಸಂಗತಿಯು ಬರುತ್ತದೆ. ಇವರು ತಾವೂ ಬ್ರಾಹ್ಮಣರೇ, ಆಟವನ್ನು ತೋರಿಸುತ್ತಿದ್ದುದೂ ಬ್ರಾಹ್ಮಣರಿಗೇ. ಇಲ್ಲಿ ವಿಚಾರಾರ್ಹವಾದ ಸಂಗತಿಯೇನೆಂದರೆ, ವರ್ತನೆಯನ್ನು ದಾನಕೊಡಬೇಕಾದರೆ ಅದು ಹಕ್ಕಾಗಿರಬೇಕು. ಭಿಕ್ಷೆಯನ್ನು ಯಾರೂ ಶಾಸನಮಾಡಿ ದಾನಕೊಡಲಾರರು. ಹಾಗಾದಮೇಲೆ ಐಂದ್ರಜಾಲಿಕನನ್ನು ಬೇಡಿತಿನ್ನುವವನೆಂದು ಕಡೆಗಣಿಸುವ ನಮ್ಮ ಈಗಿನ ದೃಷ್ಟಿಯು ಆಗ ಇರಲಿಲ್ಲವೆಂದಾಯಿತು. ದಂಡಿಯ ಹೆಸರಿನ ವಿದ್ಯೇಶ್ವರನು ಕವಿಕಲ್ಪನೆಯಾದರೂ ಅವನಂಥ ಧರಣೀಸುರರು ಈ ನಾಡಿನಲ್ಲಿ ನಡೆದಾಡಿದುದಕ್ಕೆ ಕಲ್ಲಿನ ಸಾಕ್ಷಿಯಿದೆ.

ಆ ದೃಷ್ಟಿಯು ಇಂದು ಯಾರನ್ನು ನೋಯಿಸುತ್ತಿದೆಯೆಂಬುದನ್ನೂ ಹೇಳಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿಗಳ ಸೀಮೆಯಲ್ಲಿ ಸುಡುಗಾಡುಸಿದ್ಧರೆಂಬ ಅಲೆಮಾರಿಗಳಿರುವರು. ಕರ್ನಾಟಕದ ಪರಿಶಿಷ್ಟಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿದೆ. ತಲೆಗೆ ರುಮಾಲು, ಅದರಲ್ಲಿ ನವಿಲುಗರಿ, ಕೊರಳಲ್ಲಿ ಮಣಿಸರ, ಕೈಯಲ್ಲಿ ಗಂಟೆ, ಹೆಗಲಲ್ಲಿ ಜೋಳಿಗೆ, ಈ ವೇಷದಲ್ಲಿ ಬಂದು ಕೈಚಳಕದ ಆಟಗಳನ್ನು ತೋರಿಸಿ ಕಾಳುಕಡಿಯನ್ನು ಪಡೆಯುವುದು ಅವರ ಕುಲವೃತ್ತಿಯಾಗಿದ್ದಿತು. ಈ ವೇಷವನ್ನು ಕಂಡು ಮೂಢನಂಬಿಕೆಯೆಂದೋ ದೈನ್ಯವೆಂದೋ ಹೇಳುವ ವಿದ್ಯಾವಂತರು, ಅದೇ ನವಿಲುಗರಿಯು ಶ್ರೀಹರ್ಷನ ನಾಟಕದಲ್ಲಿ ಬಂದಾಗ ಪಿಂಛಿಕೆಯೆಂದು ಟಿಪ್ಪಣಿ ಬರೆದು ಅಂಕಗಳನ್ನು ಕೊಡುತ್ತಾರೆ. ಗುಡ್ಡಗಾಡಿನವನ ಕಿಲ್ಟಿಗೆ ಮೂವತ್ತಾರು ವರ್ಷಗಳ ನಿಷೇಧವಾದಮೇಲೆ ರಾಜಮರ್ಯಾದೆಯು ದೊರಕಿತು. ನಮ್ಮ ಸಿದ್ಧನ ವೇಷಕ್ಕೆ ಯಾರ ನಿಷೇಧವೂ ಇರಲಿಲ್ಲ, ಮರ್ಯಾದೆಯೂ ಇಲ್ಲ. ಅದು ಈಗ ತಾನಾಗಿಯೇ ಮರೆಯಾಗುತ್ತಿದೆ.

ಇನ್ನೊಂದು ಮಾತನ್ನು ಪ್ರಾಸಂಗಿಕವಾಗಿ ಹೇಳಿಬಿಡುವೆನು. ಮೊಣಕಾಲ ಮೇಲಣ ಉಡುಗೆಯು ಹೆಂಗಸರದೆಂದು, ಅದನ್ನು ಗಂಡಸರು ಉಟ್ಟರೆ ಹಾಸ್ಯವೆಂದು ನಮ್ಮಲ್ಲಿ ಕೆಲವರು ಕಿಲ್ಟನ್ನು ಕಂಡು ನಗುವುದುಂಟು. ಇದಕ್ಕೆ ಆಧಾರವಾಗಿ ಅಮರಕೋಶವನ್ನೇ ಉದಾಹರಿಸಿದವರನ್ನು ನಾನು ಕಂಡಿದ್ದೇನೆ. ಅಮರಸಿಂಹನು ಅರ್ಧೋರುಕವನ್ನೂ ಚಂಡಾತಕವನ್ನೂ ಸ್ತ್ರೀಯರ ವಸ್ತ್ರವೆಂದು ಹೇಳಿರುವುದೇನೋ ನಿಜ. ಶತಪಥಬ್ರಾಹ್ಮಣದ ವಾಜಪೇಯಪ್ರಕರಣದಲ್ಲಿಯೂ ಚಂಡಾತಕವನ್ನು ಉಡತಕ್ಕವಳು ಯಜಮಾನಪತ್ನಿಯೇ. ಆದರೆ ರಂಗಕ್ಕೆ ಕೋಶದ ಕಟ್ಟಳೆಯಿಲ್ಲ. ನಮ್ಮ ಬಡಗುತಿಟ್ಟಿನ ಯಕ್ಷಗಾನದ ವೀರಪಾತ್ರಗಳು ಉಡುವ ಚೌಕುಳಿಯ ಕಸೆಸೀರೆಯನ್ನು ನೋಡಿ. ಹೆಸರು ಸೀರೆ, ಉಟ್ಟವನು ಕರ್ಣನೋ ಅರ್ಜುನನೋ, ಕಟ್ಟಿದ ರೀತಿ ಯುದ್ಧಕ್ಕೆ. ಕಿಲ್ಟಿನ ಟಾರ್ಟನ್ ಬಟ್ಟೆಯಲ್ಲಿಯೂ ಇರುವುದು ಚೌಕುಳಿಯೇ. ದೀಪದ ಬೆಳಕಿನಲ್ಲಿ ಕುಣಿಯುವಾಗ ಚೌಕುಳಿಯು ಕಣ್ಣಿಗೆ ಅಂಚನ್ನು ಸಿಗಗೊಡುವುದಿಲ್ಲವೆಂಬುದನ್ನು ರಾತ್ರಿಯಿಡೀ ಕುಳಿತು ಆಟ ನೋಡಿದವರು ಬಲ್ಲರು. ವಿದ್ಯೇಶ್ವರನ 'ಚಿತ್ರ'ವಸ್ತ್ರಕ್ಕೆ ನಾನು ಮೇಲೆ ಹೇಳಿದ ಅರ್ಥವು ಇದರಿಂದ ಬಲಪಡುತ್ತದೆ.

ಸಾಣಾಪುರದ ಕಡೆಯ ನನ್ನ ಮಿತ್ರರಿಗೆ ಹೀಗೆ ಉತ್ತರ ಬರೆದಿದ್ದೇನೆ: ತಾವು ಮಕ್ಕಳಿಂದ ರತ್ನಾವಳಿಯನ್ನು ಆಡಿಸುವುದಾದರೆ ಐಂದ್ರಜಾಲಿಕನಿಗೆ ಕರಿಯ ಕೋಟು ಬೇಡ. ನವುರಾದ, ಹಲವು ಬಣ್ಣದ, ಮುಂದೆ ಸಪಾಟಾಗಿಯೂ ಹಿಂದೆ ನಿರಿಗೆಯಾಗಿಯೂ ಕಟ್ಟಿದ, ಮೊಣಕಾಲಿನಷ್ಟೇ ಉದ್ದದ ವಸ್ತ್ರವನ್ನು ಉಡಿಸಿ. ತೋಳುಗಳು ಬರಿದಾಗಿರಲಿ. ಕಿವಿಗೆ ಕುಂಡಲ, ಎಡಹೆಗಲಿಗೆ ಜೋಳಿಗೆ, ಬಲಗೈಗೆ ನವಿಲುಗರಿಯ ಕಟ್ಟು. ಆ ಕಟ್ಟನ್ನು ಹಿಡಿದು ಬೀಸುವ ಬಗೆಯನ್ನು ನನ್ನನ್ನು ಕೇಳಬೇಡಿ, ಗಂಗಾವತಿಯ ಸಂತೆಗೆ ಹೋಗಿ ಮುದುಕನಾದ ಸಿದ್ಧನೊಬ್ಬನನ್ನು ಹುಡುಕಿ ಕೇಳಿ. ಅವನಿಗೆ ದಕ್ಷಿಣೆಯನ್ನು ಮೊದಲೇ ಕೊಡಿ.